ವಿಶೇಷ, ಮತ್ತು ಹನ್ನೊಂದು ಕೊಡ ನೀರು

ಎರಡು ಸಾವಿರದ ಇಸವಿ ಜನವರಿಯ ಕೊನೆಯ ಶುಕ್ರವಾರ, ಬೆಳಗ್ಗೆ ಎಂಟೂ ಮುಕ್ಕಾಲಿಗೆ, ನಾನು ತ್ರಿಪ್ಲಿಕೇನ್‌ನ ಒಂದು ಹಳೆಯ ಮನೆಯ ಹಿತ್ತಲ ಮೆಟ್ಟಿಲ ಮೇಲೆ ನಿಂತಿದ್ದೆ. ಒಟ್ಟು ಹದಿನಾರು ಮೆಟ್ಟಿಲು. ನಾನಿದ್ದದ್ದು ಕೆಳಗಿನಿಂದ ಏಳನೆಯದರ ಮೇಲೆ. ಅದರ ಅಂಚು ಒಡೆದು ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಅಲ್ಲಿಗೆ ಬಂದಾಗ ಎಲ್ಲರೂ ಸ್ವಲ್ಪ ತಡೆದು ಕಾಲಿಡುತ್ತಿದ್ದರು, ನಾನೂ ತಡೆದೆ. ಬಲಗೈಯಲ್ಲಿ ಊಟದ ಡಬ್ಬಿ ಇತ್ತು. ಎಡಗೈ ಗೋಡೆಯ ಮೇಲಿತ್ತು. ಅಲ್ಲಿಂದ ಹಿತ್ತಲ ತುಳಸಿಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಕೈಪಂಪು ಮೂರೂ ಕಾಣುತ್ತಿದ್ದವು. ಮೂವರು ಹೆಂಗಸರಿದ್ದರು. ನನಗೂ ಅವರಿಗೂ ನಡುವೆ ಹತ್ತು ಹನ್ನೆರಡು ಅಡಿ. ಅವರಾಡಿದ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಷ್ಟೋ ಸಲ, ನನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದ್ದೇನೆ.

ತುಳಸಿಕಟ್ಟೆಯ ಪಕ್ಕ ನಿಂತಿದ್ದವಳು ನನ್ನ ಹೆಂಡತಿ. ಎದುರಿಗಿದ್ದವರು ಮನೆಯ ಯಜಮಾನಿ, ನಾವು ಮಾಮಿ ಎಂದು ಕರೆಯುತ್ತಿದ್ದ ಅರವತ್ತೈದರ ಹೆಂಗಸು. ಕೈಪಂಪಿನ ಹತ್ತಿರ ಕೊಡ ಇಟ್ಟುಕೊಂಡು ನೀರು ಹೊಡೆಯುತ್ತಿದ್ದವಳು ಮಾಮಿಯ ಸೊಸೆ.

ಮಾಮಿಯ ಮನೆಯವರು ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು. ಕೊಡ ಎತ್ತುವುದಕ್ಕೆ ಅವರು ‘ತೂಕ್ಕೋದು’ ಅನ್ನುತ್ತಿದ್ದರು. ನಾವು ಮೈಸೂರಿನ ಕಡೆಯವರು. ಮದುವೆಯಾದ ಮರುವರ್ಷ, ತೊಂಬತ್ತಾರರಲ್ಲಿ, ಅಡ್ಯಾರಿನ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿ ಇಲ್ಲಿಗೆ ಬಂದವರು. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಮಾಮಿ ಮಹಡಿಯ ಭಾಗವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಮಹಡಿಗೆ ನಲ್ಲಿ ಇರಲಿಲ್ಲ. ಕುಡಿಯುವ ನೀರು, ಅಡುಗೆಯ ನೀರು ಎಲ್ಲ ಹಿತ್ತಲ ಪಂಪಿನಿಂದ ಪ್ಲಾಸ್ಟಿಕ್ ಕೊಡದಲ್ಲಿ ಹೊತ್ತು ಆ ಹದಿನಾರು ಮೆಟ್ಟಿಲು ಹತ್ತಬೇಕಿತ್ತು.

ನಮಗೆ ಮಕ್ಕಳಾಗಿರಲಿಲ್ಲ. ಕೆಳಗಿನವರಿಗೂ ಆಗಿರಲಿಲ್ಲ. ನನ್ನ ಹೆಂಡತಿಗೂ ಮಾಮಿಯ ಸೊಸೆಗೂ ಸ್ನೇಹ ಬೆಳೆದದ್ದೇ ಇದರಿಂದ. ಅವಳು ನನ್ನ ಹೆಂಡತಿಗಿಂತ ಎರಡು ವರ್ಷ ಚಿಕ್ಕವಳು, ಅಕ್ಕಾ ಎಂದು ಕರೆಯುತ್ತಿದ್ದಳು. ಪುರಸೈವಾಕ್ಕಂನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಬೈಯುವುದಿಲ್ಲ, ಆತುರ ಮಾಡುವುದಿಲ್ಲ ಎಂದು ಯಾರಿಂದಲೋ ತಿಳಿದುಕೊಂಡು ಬಂದವಳು ಅವಳೇ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಇಬ್ಬರೂ ಒಟ್ಟಿಗೇ ಹೋದರು.

ಡಾಕ್ಟರಮ್ಮ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಪಟ್ಟಿ ಕೊಟ್ಟರು. ಮಗು ನಿಲ್ಲುವುದಕ್ಕೆ ಮೊದಲೇ ಮೈ ಸಿದ್ಧವಾಗಬೇಕು ಎನ್ನುವುದು ಅವರ ಮಾತು. ದಿನಕ್ಕೊಂದು ಫೋಲಿಕ್ ಆಸಿಡ್ ಮಾತ್ರೆ. ರಕ್ತ, ಸಕ್ಕರೆ, ಥೈರಾಯ್ಡ್ ಪರೀಕ್ಷೆ. ನನ್ನ ಹೆಂಡತಿಗೆ ಚಿಕ್ಕಂದಿನಲ್ಲಿ ಯಾವ ಲಸಿಕೆ ಹಾಕಿದ್ದರೋ ಗೊತ್ತಿಲ್ಲದ್ದರಿಂದ ಒಂದು ಚುಚ್ಚುಮದ್ದು ಹಾಕಿ, ಅದಾದ ಮೇಲೆ ಕೆಲವು ತಿಂಗಳು ಕಾಯಲು ಹೇಳಿದರು. ಕಾಫಿ ಕಡಿಮೆ ಮಾಡಬೇಕು. ಬೆಳಗ್ಗೆ ಎದ್ದು ಕೂರುವ ಮುಂಚೆ, ಮಲಗಿದ್ದ ಹಾಗೆಯೇ ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟುಕೊಂಡು ಬಂದದ್ದನ್ನು ಬರೆದಿಡಬೇಕು. ತಿಂಗಳ ನಡುವೆ ಒಂದು ದಿನ ಅದು ಸ್ವಲ್ಪ ಏರುತ್ತದೆ, ಆ ದಿನ ತಿಳಿಯಬೇಕು. ಪಟ್ಟಿಯ ಕೊನೆಗೆ ಗಂಡಂದಿರ ಭಾಗ: ಸಿಗರೇಟು ಬಿಡಬೇಕು, ಮತ್ತು ಒಂದು ಲ್ಯಾಬಿನ ಚೀಟಿ. ಏನು ಕೊಡಬೇಕು, ಯಾಕೆ ಕೊಡಬೇಕು ಎಂಬುದನ್ನು ನನ್ನ ಹೆಂಡತಿ ನನಗೆ ಹೇಳುವಾಗ ಗೋಡೆ ನೋಡುತ್ತಿದ್ದಳು.

ಕೆಳಗಿನವಳ ಗಂಡ ಬ್ಯಾಂಕಿನಲ್ಲಿ ಕ್ಯಾಷಿಯರ್. ನನ್ನದೇ ವಯಸ್ಸು. ಅವನು ಮರುವಾರವೇ ಆ ಚೀಟಿ ಹಿಡಿದು ಹೋಗಿ ಬಂದ. ಬಂದವನು ನನ್ನೆದುರೇ, ಪೋಸ್ಟಾಫೀಸಿಗೆ ಹೋಗಿಬಂದ ಹಾಗೆ ಅದನ್ನು ಹೇಳಿದ. ಥರ್ಮಾಮೀಟರ್ ಓದುವ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ. ಆ ಮನೆಯ ನಡುವೆ ಬಯಲಿಗೆ ತೆರೆದ ತೊಟ್ಟಿ ಇತ್ತು. ಕೆಳಗಿನ ಕೋಣೆಯ ಮಾತು ಅದರ ಮೂಲಕ ನೇರ ಮೇಲಕ್ಕೆ ಬರುತ್ತಿತ್ತು. ದಿನಾ ಆರು ಗಂಟೆಗೆ ಅವನ ದನಿ ಕೇಳಿಸುತ್ತಿತ್ತು: ತೊಂಬತ್ತೇಳು ಪಾಯಿಂಟ್ ಆರು. ತೊಂಬತ್ತೇಳು ಪಾಯಿಂಟ್ ಎಂಟು. ಕ್ರಿಕೆಟ್ ಸ್ಕೋರು ಓದಿದ ಹಾಗೆ ಓದಿ ಬ್ಯಾಂಕಿನ ಕ್ಯಾಲೆಂಡರ್ ಮೇಲೆ ಬರೆಯುತ್ತಿದ್ದ. ಮೇಲೆ ನನ್ನ ಪಕ್ಕದಲ್ಲಿ ನನ್ನ ಹೆಂಡತಿ ತನ್ನ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾನೇ ತಿರುಗಿಸಿ ನೋಡಿ, ತಾನೇ ಬರೆದುಕೊಳ್ಳುತ್ತಿದ್ದಳು. ನಾನು ನಿದ್ದೆ ಬಂದವನ ಹಾಗೆ ಮಲಗಿರುತ್ತಿದ್ದೆ.

ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಅವನಿಗೆ ಮಕ್ಕಳಿರಲಿಲ್ಲ, ನನಗಿಂತ ಹೆಚ್ಚಿನದು ಏನೂ ಇರಲಿಲ್ಲ. ನನಗೆ ಬರುತ್ತಿದ್ದದ್ದು ಅವನಿಗೆ ನಾಚಿಕೆ ಇಲ್ಲದ್ದರ ಮೇಲಿನ ಹೊಟ್ಟೆಕಿಚ್ಚು. ಅವನೂ ಹೆಂಗಸರಿಬ್ಬರೂ ಆಸ್ಪತ್ರೆಗೆ ಹೋಗಿ ಬಂದ ಸಂಜೆಗಳಲ್ಲಿ, ಅವನು ಬಸ್ಸಿನಲ್ಲಿ ಇಬ್ಬರಿಗೂ ಸೀಟು ಹಿಡಿದುಕೊಟ್ಟದ್ದು, ಡಾಕ್ಟರಮ್ಮನನ್ನು ಕೇಳಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋದದ್ದು ಎಲ್ಲವನ್ನೂ ನನ್ನ ಹೆಂಡತಿ ಹೇಳುತ್ತಿದ್ದಳು. ದೂರುತ್ತಿರಲಿಲ್ಲ, ಬರಿದೇ ಹೇಳುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ.

ನನ್ನ ಚೀಟಿಯನ್ನು ನಾನು ರೈಲ್ವೆ ಟೈಮ್‌ಟೇಬಲ್ ಪುಸ್ತಕದೊಳಗೆ ಇಟ್ಟಿದ್ದೆ. ಮೊದಲು ಲ್ಯಾಬು ಮುಚ್ಚಿತ್ತು ಎಂದೆ. ಆಮೇಲೆ ಆಡಿಟ್ ಎಂದೆ. ದೀಪಾವಳಿಯ ಹಿಂದಿನ ವಾರ, ಹೋಗಿ ಬಂದೆ, ಎಲ್ಲ ಸರಿಯಾಗಿದೆಯಂತೆ ಎಂದೆ. ಅವಳು ಕಾಗದ ಕೇಳಲಿಲ್ಲ. ನನ್ನದು ಸರಿ ಎಂದಮೇಲೆ ತೊಂದರೆ ಅವಳದ್ದೇ ಇರಬೇಕು ಎಂದು, ಡಿಸೆಂಬರಿನಲ್ಲಿ ಅವಳಿಗೆ ಗರ್ಭಕ್ಕೆ ಬಣ್ಣದ ಔಷಧಿ ಹಾಯಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆ ಮಾಡಿದರು. ಮಾಡಿಸಿಕೊಂಡು ಬಂದ ದಿನ ಅವಳು ಮೆಟ್ಟಿಲನ್ನು ಒಂದೊಂದಾಗಿ, ಗೋಡೆ ಹಿಡಿದು ಹತ್ತಿದಳು. ಏಳನೆಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕುಳಿತಳು. ನಾನು ಹಿಂದೆ ಅವಳ ಚೀಲ ಹಿಡಿದು ನಿಂತಿದ್ದೆ. ಆಗಲೂ ಹೇಳಲಿಲ್ಲ.

ಇನ್ನು ಆ ಶುಕ್ರವಾರದ ಮಾತು.

ಮಾಮಿ ಪ್ರತಿ ತಿಂಗಳೂ ನನ್ನ ಹೆಂಡತಿಯನ್ನು ಕೇಳುತ್ತಿದ್ದರು. ತಲೆಗೆ ನೀರು ಹಾಕಿಕೊಂಡೆಯಾ ಎಂದು ಅವರ ಪ್ರಶ್ನೆ. ಅಂದರೆ ಈ ತಿಂಗಳೂ ಹೊರಗಾದೆಯಾ ಎಂದು. ಅವಳು ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದಳು. ಆ ಬೆಳಗ್ಗೆ ನಮ್ಮ ಮದುವೆಯಾಗಿ ಐದು ವರ್ಷ ತುಂಬಿತ್ತು. ಅವಳು ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಕಡಲೆಬೇಳೆಯ ಹಯಗ್ರೀವ ಮಾಡಿ, ಒಂದು ಬಟ್ಟಲಲ್ಲಿ ಹಾಕಿಕೊಂಡು ಮಾಮಿಗೆ ಕೊಡಲು ಇಳಿದಿದ್ದಳು. ಮಾಮಿ ಸೀರೆ ನೋಡಿದರು, ಬಟ್ಟಲು ನೋಡಿದರು.

“ಏನಮ್ಮಾ, ವಿಶೇಷವಾ?”

“ಹೂಂ ಮಾಮಿ, ಇವತ್ತು ನಮ್ಮನೇಲಿ ವಿಶೇಷ,” ಎಂದಳು ನನ್ನ ಹೆಂಡತಿ.

ನಮ್ಮ ಕಡೆ ಯಾರು ಸಿಕ್ಕಿದರೂ ಏನು ವಿಶೇಷ ಎಂದು ಕೇಳುತ್ತೇವೆ. ಏನು ಸಮಾಚಾರ ಎಂದಷ್ಟೇ ಅದರ ಅರ್ಥ. ಮನೆಯಲ್ಲಿ ವಿಶೇಷ ಎಂದರೆ ಹಬ್ಬವೋ ವ್ರತವೋ ಸಿಹಿ ಅಡುಗೆಯೋ. ತಮಿಳಿನಲ್ಲಿ, ಮದುವೆಯಾದ ಹೆಂಗಸನ್ನು ವಿಶೇಷವಾ ಎಂದು ಕೇಳಿದರೆ ಅರ್ಥ ಒಂದೇ: ಬಸುರಿಯಾ ಎಂದು. ನನಗಿದು ಗೊತ್ತಿತ್ತು. ಆಫೀಸಿಗೆ ಸೇರಿದ ಹೊಸದರಲ್ಲಿ, ಹೊಸದಾಗಿ ಮದುವೆಯಾಗಿ ರಜೆ ಮುಗಿಸಿ ಬಂದ ಟೈಪಿಸ್ಟ್ ಹುಡುಗಿಯನ್ನು ಎಲ್ಲರೆದುರು ‘ಎನ್ನ ವಿಶೇಷಂ’ ಎಂದು ಕೇಳಿ, ಒಂದು ವಾರ ಯಾರ ಮುಖವನ್ನೂ ನೋಡಲಾಗದೆ ಇದ್ದವನು ನಾನು. ಹೆಂಡತಿಗೆ ಅದನ್ನು ಹೇಳಿರಲಿಲ್ಲ. ಹೇಳಿದ್ದರೂ, ಮಾಮಿ ಆಡುವ ಮಾತಿನಲ್ಲಿ ಯಾವುದು ಕನ್ನಡ, ಯಾವುದು ತಮಿಳು ಎಂದು ಆ ಕ್ಷಣಕ್ಕೆ ಅವಳಿಗೆ ಹೊಳೆಯುತ್ತಿತ್ತೋ ಇಲ್ಲವೋ.

ಮಾಮಿ ಪೆರುಮಾಳೇ ಎಂದರು. ಬಟ್ಟಲನ್ನು ತುಳಸಿಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಆ ವಯಸ್ಸಿಗೆ ಅಷ್ಟು ಬೇಗ ನಡೆದದ್ದನ್ನು ನಾನು ನೋಡಿರಲಿಲ್ಲ. ಹಿಡಿಯಲ್ಲಿ ಸಕ್ಕರೆ ತಂದು ನನ್ನ ಹೆಂಡತಿಯ ಬಾಯಿಗೆ ಹಾಕಿದರು. ಎರಡೂ ಕೈ ಅವಳ ಕೆನ್ನೆಯ ಪಕ್ಕ ಇಳಿಸಿ, ತಮ್ಮ ತಲೆಯ ಪಕ್ಕ ಒತ್ತಿ ಲಟಿಕೆ ಮುರಿದರು. “ಇನ್ನು ನೀನು ಕೊಡ ತೂಕ್ಕಬೇಡ,” ಎಂದರು. “ಮೂರು ತಿಂಗಳು. ಇವಳು ತೂಕ್ಕೊಂಡ್ ಬರ್ತಾಳೆ.”

ಇವಳು ಅಂದರೆ ಅವರ ಸೊಸೆ. ಅಷ್ಟು ಹೊತ್ತೂ ಪಂಪಿನ ಸದ್ದು ಬರುತ್ತಲೇ ಇತ್ತು, ಮಾಮಿ ಸಕ್ಕರೆ ತಂದಾಗ ನಿಂತಿತು. ಅವಳ ಎರಡೂ ಕೈ ಪಂಪಿನ ಹಿಡಿಯ ಮೇಲೆ, ಹಿಡಿ ಮೇಲಕ್ಕೆತ್ತಿದ ಸ್ಥಿತಿಯಲ್ಲಿ ಇದ್ದವು. ಅವಳು ಅದನ್ನು ಕೆಳಗಿಳಿಸಲಿಲ್ಲ. ಮುಖ ನನಗೆ ಅಡ್ಡವಾಗಿ ಕಾಣುತ್ತಿತ್ತು. ಆ ಮುಖದಲ್ಲಿ ಇದ್ದದ್ದು ಏನೆಂದು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ದಿನಾ ಆರು ಗಂಟೆಗೆ, ತೊಟ್ಟಿಯಿಂದ ದನಿ ಕೇಳಿ ಬಂದಾಗ, ನನ್ನೊಳಗೆ ಇರುತ್ತಿದ್ದದ್ದೇ ಅದು.

ನನ್ನ ಹೆಂಡತಿಯನ್ನೂ ನೋಡಿದೆ. ಸಕ್ಕರೆ ಬಾಯಲ್ಲಿತ್ತು. ಮೊದಲು ಅವಳ ಹುಬ್ಬು ಗಂಟಾಯಿತು. ಆಮೇಲೆ ಅವಳು ಮಾಮಿಯ ಕೈ ನೋಡಿದಳು, ಸೊಸೆಯ ಕಡೆ ನೋಡಿದಳು, ಕಣ್ಣು ಮುಚ್ಚಿದಳು. ಅವಳಿಗೆ ಅರ್ಥವಾಗಿದೆ ಎಂದು ನನಗೆ ಗೊತ್ತಾಯಿತು. ಬಾಯಿ ತೆರೆದು ಹೇಳಲು ಸಮಯವಿತ್ತು. ಅವಳು ಸಕ್ಕರೆ ನುಂಗಿದಳು. ಇನ್ನು ಏಳು ಮೆಟ್ಟಿಲು ಇಳಿದು, ಹಾಗಲ್ಲ ಮಾಮಿ, ಇವತ್ತು ನಮ್ಮ ಮದುವೆಯ ದಿನ ಎಂದು ಹೇಳಲು ನನಗೂ ಸಮಯವಿತ್ತು. ಮಾಮಿ ತಲೆಯೆತ್ತಿ ನನ್ನನ್ನು ಕಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಇಳಿದು, ಚಪ್ಪಲಿ ಮೆಟ್ಟಿ, ಅಡ್ಯಾರಿನ ಬಸ್ಸು ಹಿಡಿದೆ.

ನಾಲ್ಕು ದಿನ ಅದು ಹಾಗೇ ನಡೆಯಿತು. ಸಂಜೆ ನಾನು ಬಂದಾಗ ಹೆಂಡತಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಯಗ್ರೀವ ಉಂಡೆವು. ಅವಳು ಮೂಲೆಯಲ್ಲಿದ್ದ ಕೊಡಗಳನ್ನು ನೋಡಿ, ಮೂರು ತಂದಿಟ್ಟಳು ಎಂದಳು. ಅಷ್ಟೇ.

ಮರುದಿನದಿಂದ ಪಂಪಿನಲ್ಲಿ ನೀರು ಹಗಲು ಹನ್ನೊಂದರ ನಂತರ ಬರತೊಡಗಿತು, ಆ ಹೊತ್ತಿಗೆ ನಾನು ಮನೆಯಲ್ಲಿರುತ್ತಿರಲಿಲ್ಲ. ಶನಿವಾರ ಅರ್ಧ ದಿನ ಮುಗಿಸಿ ಬಂದಾಗ ಒಂದೂವರೆ ಗಂಟೆ. ಮಾಮಿಯ ಸೊಸೆ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಒಡೆದ ಮೆಟ್ಟಿಲಲ್ಲಿ ಅವಳನ್ನು ತಡೆದೆ, ಕೊಡಮ್ಮಾ ಎಂದು ಕೈ ಚಾಚಿದೆ. ಅವಳು ಕೊಡಲಿಲ್ಲ.

“ಇವತ್ತಿಗೆ ಇದು ನಾಲ್ಕನೇದು ಅಣ್ಣಾ,” ಎಂದಳು. “ಅಕ್ಕನಿಗೆ ಲೆಕ್ಕ ಹೇಳಿ.”

ಬೆಳಗಿನ ಆರು ಗಂಟೆಗೆ ಕೆಳಗಿನಿಂದ ದನಿ ಬರುವುದು ನಿಂತಿತ್ತು. ಅವರು ಥರ್ಮಾಮೀಟರ್ ಇಡುವುದನ್ನೇ ಬಿಟ್ಟಿದ್ದರೋ, ಮೆಲ್ಲಗೆ ಓದುತ್ತಿದ್ದರೋ ಗೊತ್ತಿಲ್ಲ. ಭಾನುವಾರ ನೀರನ್ನು ನಾನೇ ಹೊತ್ತೆ. ಅವಳ ಗಂಡ ಹಿತ್ತಲಿಗೆ ಬಂದು ನನ್ನ ಕೈ ಕುಲುಕಿದ. ಸಂತೋಷ ಸಾರ್ ಎಂದ. ದನಿ ಸರಿಯಾಗಿತ್ತು, ಕೈ ಮಾತ್ರ ತಣ್ಣಗಿತ್ತು, ಕಣ್ಣು ನನ್ನ ಹೆಗಲಿನ ಆಚೆ ಇತ್ತು. ಏನೇನು ತಿನ್ನಿಸಿದಿರಿ, ಯಾವ ಮಾತ್ರೆ ಎಂದು ಕೇಳಿದ. ನಾನು ಏನೋ ಹೇಳಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುವುದಾದರೆ ಇದನ್ನೂ ಬರೆಯಬೇಕು: ಅವನ ಆ ತಣ್ಣನೆಯ ಕೈ ನನಗೆ ಹಿತವಾಯಿತು. ಎಂಟು ತಿಂಗಳು ನಾನು ಅವನನ್ನು ಕಂಡು ಕರುಬಿದ್ದೆ. ಈಗ ಅವನು ನನ್ನನ್ನು ಕಂಡು ಕರುಬುತ್ತಿದ್ದ. ಇಲ್ಲದ ಒಂದು ಮಗುವಿನ ಬಲದಿಂದ ನಾನು ಹಿತ್ತಲಲ್ಲಿ ಎದೆ ಸೆಟೆಸಿ ನಿಂತು ಅವನಿಗೆ ಧೈರ್ಯ ಹೇಳಿದೆ. ನಿಮಗೂ ಆಗುತ್ತೆ ಎಂದೆ.

ಸೋಮವಾರ ಇನ್ನೂ ನಾಲ್ಕು ಕೊಡ ಬಂತು. ಮಂಗಳವಾರ ಬೆಳಗ್ಗೆ ಹೆಂಡತಿ ಹೊರಗಾದಳು. ಅವಳ ಕಾಗದದ ಪ್ರಕಾರ ಅದೇ ದಿನ ಆಗಬೇಕಿತ್ತು. ಅವಳೇ ಇಳಿದು ಹೋಗಿ ಮಾಮಿಗೆ, ನೀರು ತರುವುದು ಬೇಡ ಮಾಮಿ, ಆಯಿತು ಎಂದಳಂತೆ. ಹೆಚ್ಚು ಹೇಳಲು ಮಾಮಿ ಬಿಡಲಿಲ್ಲ. ನಿಲ್ಲಲಿಲ್ಲವಾ ಎಂದು ಅವಳನ್ನು ತಬ್ಬಿಕೊಂಡು ಅತ್ತರು. ಆ ಮಧ್ಯಾಹ್ನ ಮಾಮಿಯೇ ಮೆಣಸಿನ ಸಾರು ಮಾಡಿ ಕಳಿಸಿದರು. ಒಂದು ತಿಂಗಳು ಬಿಟ್ಟು ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗಿ ಎಂದು ನನಗೆ ಬುದ್ಧಿ ಹೇಳಿದರು. ಅವರ ಕಣ್ಣು ಕೆಂಪಾಗಿತ್ತು. ಆ ಹೊತ್ತಿಗೆ ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಬುಧವಾರ ಸಂಜೆ ಆರರ ಸುಮಾರಿಗೆ ಮಾಮಿಯ ಸೊಸೆ ಮೇಲೆ ಬಂದಳು. ನಾನು ಆಫೀಸಿನಿಂದ ಬಂದು ಕಾಲು ತೊಳೆದು ಕುರ್ಚಿಯಲ್ಲಿ ಕುಳಿತಿದ್ದೆ. ಹೆಂಡತಿ ನೆಲದ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಬಂದವಳು ಬಾಗಿಲ ಹೊಸ್ತಿಲ ಹತ್ತಿರವೇ ಕುಳಿತಳು. ಒಳಗೆ ಬಾ ಎಂದರೆ ಬರಲಿಲ್ಲ. ನಾನು ಅಲ್ಲಿಲ್ಲವೆಂದೇ ತಿಳಿದ ಹಾಗೆ ಹೇಳಿದಳು:

“ಅಕ್ಕಾ, ನಾನು ಬೇಡ್ಕೊಂಡೆ. ಸತ್ಯಮಾ ಹೇಳ್ತೀನಿ. ಪಂಪ್ ಹೊಡೀವಾಗೆಲ್ಲ ಬೇಡ್ಕೊಂಡೆ. ನಿಮ್ಮದು ನಿಲ್ಲಬಾರ್ದು ಅಂತ.”

ನನ್ನ ಹೆಂಡತಿ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

ಬಂದವಳು ಮುಂದುವರಿಸಿದಳು. ಕೊಡ ಹೊತ್ತು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದೊಂದು ಸಲ ಅಂದುಕೊಂಡಳಂತೆ. ಅತ್ತೆ ಹತ್ತಿರ ಹೇಳಲು ಹೆದರಿಕೆ, ಗಂಡನ ಹತ್ತಿರ ಹೇಳಲು ನಾಚಿಕೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಒಂದು ಜೀವವನ್ನು ಕಣ್ಣು ಹಾಕಿ ಕೊಂದ ಮೇಲೆ ತನಗೆ ಇನ್ನು ಮಕ್ಕಳಾಗುವುದಿಲ್ಲ, ಆಗಬಾರದು. ಡಾಕ್ಟರಮ್ಮನ ಮಾತ್ರೆಗಳನ್ನು ನಿನ್ನೆಯೇ ಕಸದ ಡಬ್ಬಿಗೆ ಹಾಕಿದ್ದಾಳೆ. ಇದನ್ನೆಲ್ಲ ಅವಳು ಅಳದೆ, ಒಂದೇ ದನಿಯಲ್ಲಿ ಹೇಳಿದಳು. ಅತ್ತಿದ್ದರೆ ನಾನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆನೇನೋ.

ಹೆಂಡತಿ ನನ್ನ ಕಡೆ ನೋಡಿದಳು. ಹೇಳಬೇಡಿ ಎಂದೂ ಆ ನೋಟದಲ್ಲಿರಲಿಲ್ಲ, ಹೇಳಿ ಎಂದೂ ಇರಲಿಲ್ಲ. ಶುಕ್ರವಾರ ನಾನು ಮೆಟ್ಟಿಲ ಮೇಲಿದ್ದೆ ಎಂದು ಅವಳಿಗೆ ಗೊತ್ತು ಎಂಬುದಷ್ಟೇ ಇತ್ತು. ಹೇಳಿದರೆ ಅವಳ ಮಾನ ಹೋಗುತ್ತದೆ. ಹೇಳದಿದ್ದರೆ ಹೊಸ್ತಿಲಲ್ಲಿ ಕುಳಿತವಳು ಹುಟ್ಟದ ಮಗುವಿನ ಕೊಲೆ ಹೊತ್ತುಕೊಂಡು ಕೆಳಗಿಳಿಯುತ್ತಾಳೆ.

“ಏನೂ ಇರಲಿಲ್ಲಮ್ಮಾ,” ಎಂದೆ. “ನಿಲ್ಲೋಕೆ ಏನೂ ಇರಲಿಲ್ಲ. ನಾನು ಏಳನೇ ಮೆಟ್ಟಿಲಲ್ಲಿ ನಿಂತಿದ್ದೆ. ಎಲ್ಲ ಕೇಳಿಸಿಕೊಂಡೆ.”

ಆಮೇಲೆ ವಿಶೇಷ ಎಂಬ ಮಾತನ್ನು ವಿವರಿಸಿದೆ. ನಮ್ಮ ಕಡೆ ಅದಕ್ಕೆ ಏನರ್ಥ, ಮಾಮಿ ಯಾವ ಅರ್ಥದಲ್ಲಿ ಕೇಳಿದರು, ಇವಳು ಯಾವ ಅರ್ಥದಲ್ಲಿ ಹೇಳಿದಳು, ಅದು ನಮ್ಮ ಮದುವೆಯ ದಿನವಾಗಿತ್ತು ಎಂದು. ಪಾಠ ಹೇಳಿದ ಹಾಗೆ ಹೇಳಿದೆ. ಅವಳು ನನ್ನ ಹೆಂಡತಿಯ ಮುಖವನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅವಳು ಕೇಳಿದ್ದು ನಾನು ನಿರೀಕ್ಷಿಸಿದ್ದಲ್ಲ.

“ಹಾಗಾದ್ರೆ ನಾನು ಹನ್ನೊಂದು ಕೊಡ ಹೊತ್ತಿದ್ದು ಯಾಕೆ ಅಕ್ಕಾ?”

ಹೆಂಡತಿಯ ಬಾಯಲ್ಲಿ ನಗು ಬಂದು, ಬಂದದ್ದೇ ಅಳುವಾಯಿತು. ಗೊತ್ತಾಗಿತ್ತು ಕಣೆ, ಸಕ್ಕರೆ ಕರಗೋ ಮುಂಚೆನೇ ಗೊತ್ತಾಗಿತ್ತು ಎಂದಳು. ಯಾರಾದರೂ ಒಂದು ದಿನ ತನ್ನನ್ನು ಹಾಗೆ ನೋಡಲಿ ಅನ್ನಿಸಿತು, ಒಂದು ದಿನ ಎಂದುಕೊಂಡದ್ದು ನಾಲ್ಕಾಯಿತು. ಅದರಲ್ಲೂ ನೀನು ನೋಡಬೇಕು ಅನ್ನಿಸಿತು ಎಂದಳು. ನಿನ್ನ ಯಜಮಾನರು ಬೆಳಗ್ಗೆ ಎದ್ದು ನಂಬರು ಓದೋದನ್ನ ದಿನಾ ಕೇಳಿ ಕೇಳಿ ಹೊಟ್ಟೆ ಉರೀತಿತ್ತು ಎಂದಳು.

ಕೆಳಗಿನವಳು ಎದ್ದಳು. ಸೆರಗು ಕೊಡವಿಕೊಂಡು, ಅತ್ತೆಗೆ ಹೇಳಬೇಡಿ, ಈಗ ಹೇಳಿದರೆ ಅವರಿಗೆ ತಡೆಯಲಾಗುವುದಿಲ್ಲ ಎಂದು ನನಗೆ ಹೇಳಿ ಇಳಿದು ಹೋದಳು. ಅದಾದ ಮೇಲೆ ಐದು ವಾರ ಅವಳು ನನ್ನ ಹೆಂಡತಿಯ ಜೊತೆ ಮಾತಾಡಲಿಲ್ಲ. ಆದರೆ ಗುರುವಾರ ಬೆಳಗ್ಗೆ ಆರು ಗಂಟೆಗೆ ತೊಟ್ಟಿಯಿಂದ ದನಿ ಬಂತು. ತೊಂಬತ್ತೇಳು ಪಾಯಿಂಟ್ ಏಳು.

ಬುಧವಾರದ ಆ ಸಂಜೆ, ಅವಳು ಇಳಿದು ಹೋದ ಮೇಲೆ, ಹೆಂಡತಿ ಕೈ ತೊಳೆದು ಬಂದು ಶೆಲ್ಫಿನಿಂದ ರೈಲ್ವೆ ಟೈಮ್‌ಟೇಬಲ್ ತೆಗೆದಳು. ಹುಡುಕಲಿಲ್ಲ, ಪುಟ ಅವಳಿಗೆ ಗೊತ್ತಿತ್ತು. ಚೀಟಿಯನ್ನು ತೆಗೆದು ಕುರ್ಚಿಯ ಕೈ ಮೇಲೆ ಇಟ್ಟಳು.

“ನೀವು ನಿಮ್ಮ ಸುಳ್ಳನ್ನ ದೀಪಾವಳಿಯಿಂದ ಇಟ್ಕೊಂಡಿದ್ದೀರಿ. ನಾನು ನನ್ನದನ್ನ ನಾಲ್ಕು ದಿನ ಇಟ್ಕೊಂಡೆ.”

ಸಂಕ್ರಾಂತಿಗೆ ಊರಿಗೆ ಹೋಗಲು ರೈಲಿನ ಸಮಯ ನೋಡುವಾಗ ಸಿಕ್ಕಿತಂತೆ. ಅಂದರೆ ಬಣ್ಣದ ಔಷಧಿಯ ಪರೀಕ್ಷೆ ಆದ ಮೇಲೆ. ಊರಿಗೆ ಹೋಗಿ ಬರುವವರೆಗೂ, ಬಂದ ಮೇಲೂ ಅವಳು ನನಗೆ ಒಂದು ಮಾತು ಹೇಳಿರಲಿಲ್ಲ. ನಾನು ಕ್ಷಮೆ ಕೇಳಲು ಹೊರಟೆ. ಕೇಳಬೇಡಿ, ಹೋಗಿ ಬನ್ನಿ ಎಂದಳು.

ಸೋಮವಾರ ರಜೆ ಹಾಕಿದೆ. ಕೆಳಗಿನವಳ ಗಂಡನಿಗೆ ಅದು ಹೇಗೋ ತಿಳಿದಿತ್ತು, ಅವಳೇ ಹೇಳಿರಬೇಕು. ಅವನು ಬಸ್‌ಸ್ಟಾಪಿಗೆ ಬಂದು ಜೊತೆಗೆ ನಿಂತ. ಇವತ್ತು ಬ್ಯಾಂಕಿಗೆ ಮಧ್ಯಾಹ್ನದಿಂದ ಹೋಗುತ್ತೇನೆ ಎಂದ. ಆ ಭಾನುವಾರ ಹಿತ್ತಲಲ್ಲಿ ನಾನು ಎದೆ ಸೆಟೆಸಿದ್ದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಪುರಸೈವಾಕ್ಕಂ ಬರುವವರೆಗೆ ಬೌಲಿಂಗ್ ಬಗ್ಗೆ ಮಾತಾಡಿದ. ಲ್ಯಾಬಿನ ಬಾಗಿಲಲ್ಲಿ ನನ್ನ ಕಾಲು ನಿಂತಾಗ ಮಾತ್ರ, “ಟೋಕನ್ ತಗೊಂಡ ಹಾಗೆ ಸಾರ್. ನಂಬರ್ ಕರೀತಾರೆ, ಹೋಗ್ತೀರಿ, ಬರ್ತೀರಿ,” ಎಂದು ಬೆನ್ನಿನ ಮೇಲೆ ಕೈಯಿಟ್ಟು ತಳ್ಳಿದ. ನಾನು ಹೊರಗೆ ಬಂದಾಗ ಎದುರಿನ ಬಟ್ಟೆ ಅಂಗಡಿಯ ನೆರಳಿನಲ್ಲಿ ಎರಡು ಲೋಟ ಮಜ್ಜಿಗೆ ಹಿಡಿದು ನಿಂತಿದ್ದ. ಆಗಲೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇತ್ತು, ಹೋಗಿರಲಿಲ್ಲ. ಹೀಗೆ ಇರಲು ಇವನಿಗೆ ಹೇಗೆ ಬಂತು ಎಂದು ಮಜ್ಜಿಗೆ ಕುಡಿಯುತ್ತಾ ಯೋಚಿಸಿದೆ.

ತೊಂದರೆ ನನ್ನದೇ ಆಗಿತ್ತು. ಡಾಕ್ಟರಮ್ಮ ಕಾಗದ ಓದಿ, ಎಣಿಕೆ ಕಡಿಮೆ ಇದೆ ಎಂದರು. ಒಬ್ಬ ಸರ್ಜನ್ ಹತ್ತಿರ ಕಳಿಸಿದರು. ಅವರು ಪರೀಕ್ಷಿಸಿ, ನರ ಉಬ್ಬಿಕೊಂಡಿದೆ, ಚಿಕ್ಕ ಆಪರೇಷನ್ನು, ಎಲ್ಲರಿಗೂ ಫಲ ಕೊಡುತ್ತದೆ ಎಂದು ಹೇಳಲಾರೆ ಎಂದರು. ಮಾಡಿಸಿಕೊಂಡೆ. ಸಿಗರೇಟು ಬಿಟ್ಟೆ. ಕಳೆದ ಬೇಸಿಗೆಯಲ್ಲೇ ಬಂದಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಎಂದು ಡಾಕ್ಟರಮ್ಮ ನನ್ನ ಹೆಂಡತಿಯ ಎದುರು ಹೇಳಿದರು. ಅವಳು ಆಗ ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಅಂದಿನಿಂದ ಅವಳ ಥರ್ಮಾಮೀಟರನ್ನು ನಾನು ಓದತೊಡಗಿದೆ. ಗಟ್ಟಿಯಾಗಿ ಓದಲು ನನಗೆ ಕಡೆಗೂ ಬರಲಿಲ್ಲ.

ಆಗಸ್ಟಿನ ಒಂದು ಬೆಳಗ್ಗೆ ಕೆಳಗಿನಿಂದ ದನಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಹೆಂಡತಿ ಮಲಗಿದ್ದ ಹಾಗೆಯೇ, ಅವಳಿಗೆ ಆಗಿದೆ ಎಂದಳು. ಇಬ್ಬರೂ ಬಹಳ ಹೊತ್ತು ತೊಟ್ಟಿಯ ಕಡೆ ಕಿವಿಕೊಟ್ಟು ಮಲಗಿದ್ದೆವು. ಆ ಬೆಳಗ್ಗೆ ನನ್ನೊಳಗೆ ಬಂದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಜನವರಿಯಲ್ಲಿ ಆ ಹುಡುಗಿ ಪಂಪಿನ ಹತ್ತಿರ ಬೇಡಿಕೊಂಡದ್ದಕ್ಕಿಂತ ಅದು ಒಳ್ಳೆಯದಾಗಿರಲಿಲ್ಲ ಎಂದರೆ ಸಾಕು. ಅಂದಿನಿಂದ ಮೂರು ತಿಂಗಳು ನನ್ನ ಹೆಂಡತಿ ಅವಳ ಮನೆಯ ನೀರನ್ನೆಲ್ಲ ಹಿತ್ತಲಿನಿಂದ ಒಳಗೆ ಹೊತ್ತು ಹಾಕಿದಳು. ಯಾರೂ ಹೇಳಿರಲಿಲ್ಲ. ಹನ್ನೊಂದನೆಯ ಕೊಡ ಇಟ್ಟ ದಿನ ಅವಳು, “ಲೆಕ್ಕ ಮುಗೀತು ಅಕ್ಕಾ, ಇನ್ನು ಬಿಡಿ,” ಎಂದಳಂತೆ. ಇವಳು ಬಿಡಲಿಲ್ಲ.

ಏಳನೇ ತಿಂಗಳಿನಲ್ಲಿ ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಮಕ್ಕಳಾಗಬೇಕಾದ ಹೆಂಗಸೊಬ್ಬಳನ್ನು ಬಸುರಿಯ ಪಕ್ಕದ ಮಣೆಯಲ್ಲಿ ಕೂರಿಸಿ ಅವಳಿಗೂ ಬಳೆ ತೊಡಿಸುವುದು ಅಲ್ಲಿನ ರೂಢಿ. ಮಾಮಿ ನನ್ನ ಹೆಂಡತಿಯನ್ನು ಕೂರಿಸಿದರು. ಬಳೆಗಾರ ಕೈ ಹಿಡಿದಾಗ ಅವಳು ಪಕ್ಕದವಳ ಹೊಟ್ಟೆಯನ್ನು ನೋಡುತ್ತಿದ್ದಳು. ಪಕ್ಕದವಳು ಅದನ್ನು ಕಂಡು, ಸೆರಗು ಎಳೆದು ಮುಚ್ಚಿಕೊಳ್ಳಲಿಲ್ಲ. ಇವಳ ಇನ್ನೊಂದು ಕೈಯನ್ನು ತೆಗೆದು ಅಲ್ಲಿ ಇಟ್ಟುಕೊಂಡಳು. ನೋಡಿಕೊಳ್ಳಿ ಅಕ್ಕಾ, ಒದೀತಾನೆ ಎಂದಳು.

ನಮ್ಮ ಮಗಳು ಎರಡು ಸಾವಿರದ ಎರಡರ ಕೊನೆಯಲ್ಲಿ ಹುಟ್ಟಿದಳು.

ಆ ಶುಕ್ರವಾರ ಹಿತ್ತಲಲ್ಲಿ ಇದ್ದವರು ನನ್ನನ್ನೂ ಸೇರಿ ನಾಲ್ವರು. ಮಾಮಿ ಎರಡು ಸಾವಿರದ ಏಳರಲ್ಲಿ ತೀರಿಕೊಂಡರು. ಅವರಿಗೆ ನಾವು ಹೇಳಲೇ ಇಲ್ಲ. ಮಗಳ ನಾಮಕರಣಕ್ಕೆ ಬಂದವರೊಡನೆ, ಇದು ಇವಳಿಗೆ ಎರಡನೇದು, ಮೊದಲನೇದು ನಿಲ್ಲಲಿಲ್ಲ ಎಂದರು. ಕೊನೆಯವರೆಗೂ ಹಾಗೆಯೇ ಎಣಿಸಿದರು. ಅವರ ಸೊಸೆ ಈಗ ಅಡ್ಯಾರಿನ ಒಂದು ಫ್ಲ್ಯಾಟಿನಲ್ಲಿದ್ದಾಳೆ. ಅವಳ ಮಗ ಕನ್ನಡ ಅರ್ಥಮಾಡಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಅವಳ ಗಂಡ ಆ ಹೊತ್ತಿಗೆ ಬ್ಯಾಂಕಿಗೆ ಹೊರಟುಹೋಗಿದ್ದರಿಂದ ಏನನ್ನೂ ನೋಡಿಲ್ಲ. ನನ್ನ ಹೆಂಡತಿ ಇದನ್ನು ಓದಿದ್ದಾಳೆ. ಎಲ್ಲ ಸರಿಯಾಗಿದೆ, ಒಂದು ಬಿಟ್ಟು, ಎಂದಳು: ಮಾಮಿ ನಕ್ಕ ಮೇಲೆ ನಾನೂ ನಕ್ಕೆ ಎಂದು ಬರೆದಿದ್ದೇನಲ್ಲ, ಮೆಟ್ಟಿಲ ಮೇಲೆ ನಾನು ಮೊದಲು ನಕ್ಕದ್ದು, ಮಾಮಿ ತಲೆಯೆತ್ತಿ ನೋಡಿದ್ದು ಆಮೇಲೆ. ಅವಳು ಕಣ್ಣು ತೆರೆದಾಗ ಮೊದಲು ಕಂಡದ್ದು ಆ ನಗುವೇ ಅಂತೆ.